ಒಂದು ಸೀಸೆ ನೀರಿನ ಸಾಕ್ಷ್ಯ

ಸಾಗರದ ಗಣಪತಿ ಕೆರೆಯ ದಡದಲ್ಲಿ ನಿಂತು ಒಂದು ಸೀಸೆ ನೀರು ತುಂಬಿಕೊಂಡರೆ ಕೆರೆಯ ಗುಣ ತಿಳಿದೀತೇ? ತಿಳಿಯದು. ದಡದ ನೀರು ನಡುಗೆರೆಯ ನೀರಲ್ಲ, ಮೇಲಿನದು ತಳದ್ದಲ್ಲ. ಹಗಲಿನಲ್ಲಿ ಪಾಚಿಯು ಬಿಸಿಲಿನ ಬಲದಿಂದ ಆಮ್ಲಜನಕವನ್ನು ಬಿಡುತ್ತದೆ. ಇರುಳಿನಲ್ಲಿ ಅದೇ ಪಾಚಿಯು ಉಸಿರಾಡಿ ಅದನ್ನು ವ್ಯಯಮಾಡುತ್ತದೆ. ಮಧ್ಯಾಹ್ನ ಆರೋಗ್ಯವಾಗಿ ತೋರಿದ ಕೆರೆಯಲ್ಲಿಯೇ ನಸುಕಿನಲ್ಲಿ ಮೀನುಗಳು ಉಸಿರುಗಟ್ಟಿ ಸತ್ತಾವು!

ಆದುದರಿಂದ ಮೊದಲು ಯೋಜನೆ ಬೇಕು. ನೀರು ಒಳಬರುವ ಕಡೆ, ನಡುಭಾಗ, ಕೋಡಿ, ಈ ಮೂರೆಡೆಗಳಲ್ಲಿ ಪ್ರತಿಸಲವೂ ಒಂದೇ ವೇಳೆಗೆ ನೀರನ್ನು ತೆಗೆಯಬೇಕು. ತೀರ್ಥಹಳ್ಳಿಯ ಕಡೆ ಅಡಕೆ ತೋಟ, ಗದ್ದೆಗಳ ಕೆಳಗಿನ ಕೆರೆಗಳಿಗೆ ಮಳೆಗಾಲದಲ್ಲಿ ಮಣ್ಣು, ಗೊಬ್ಬರಗಳು ಇಳಿದುಬರುತ್ತವೆ. ಬೇಸಿಗೆಯಲ್ಲಿ ನೀರು ಬತ್ತಿ ಲವಣಗಳು ಸಾಂದ್ರವಾಗುತ್ತವೆ. ಎರಡು ಕಾಲಗಳ ಮಾದರಿಯೂ ಅಗತ್ಯ. 1964ರಲ್ಲಿ ಕಟ್ಟಿ ಮುಗಿಸಿದ ಲಿಂಗನಮಕ್ಕಿಯ ಹಿನ್ನೀರು ಸಾಗರ, ಹೊಸನಗರ ತಾಲೂಕುಗಳಲ್ಲಿ ಹರಡಿದೆ. ಅಂಥ ಜಲರಾಶಿಯಲ್ಲಿ ಬೇರೆಬೇರೆ ಆಳಗಳಿಂದಲೂ ನೀರೆತ್ತಬೇಕು.

ಆಮ್ಲಜನಕವನ್ನು ಅಳೆಯಲು ಸೀಸೆಯನ್ನು ಗುಳ್ಳೆಯಿಲ್ಲದಂತೆ ತುಂಬಿ, ವಿಂಕ್ಲರನು 1888ರಲ್ಲಿ ತೋರಿಸಿಕೊಟ್ಟಂತೆ ಮ್ಯಾಂಗನೀಸ್ ಲವಣವನ್ನೂ ಕ್ಷಾರೀಯ ಅಯೊಡೈಡನ್ನೂ ಸ್ಥಳದಲ್ಲಿಯೇ ಬೆರೆಸಬೇಕು. ರೋಗಾಣುಗಳ ಪರೀಕ್ಷೆಗೆ ಕ್ರಿಮಿಶುದ್ಧ ಸೀಸೆಯೇ ಆಗಬೇಕು. ಅದನ್ನು ಕೆರೆಯ ನೀರಿನಿಂದ ತೊಳೆಯಕೂಡದು, ತಂಪಿನಲ್ಲಿಟ್ಟು ಬೇಗನೆ ಒಯ್ಯಬೇಕು.

ಸ್ಥಳ, ದಿನ, ವೇಳೆ, ಆಳಗಳನ್ನು ಬರೆಯದ ಸೀಸೆಯು ಹೆಸರಿಲ್ಲದ ಸಾಕ್ಷಿ. ಅದರ ಮಾತನ್ನು ನಂಬಿ ಒಂದು ಊರು ನೀರು ಕುಡಿಯಲಾಗದು.