ಯುದ್ಧಭೂಮಿಗೆ ಹೊರಗಿನ ಸಾಕ್ಷಿ ಬೇಕು
ನಮ್ಮ ಹರಿಹರದಿಂದ ತುಂಗಭದ್ರೆ ದಾಟಿ ರಾಣೆಬೆನ್ನೂರಿನ ದಾರಿ ಹಿಡಿದರೆ ಚಳಗೇರಿ ಸಿಗುತ್ತದೆ. ಆ ಊರಿನ ನವೀನ್ ಗ್ಯಾನಗೌಡರ್ ಉಕ್ರೇನಿನ ಖಾರ್ಕಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದ. 2022ರ ಮಾರ್ಚ್ 1ರಂದು ದಿನಸಿಗೆಂದು ಹೊರಬಂದವನು ಶೆಲ್ ದಾಳಿಗೆ ಬಲಿಯಾದ. ದೇಹ ಬಂದದ್ದು ಮಾರ್ಚ್ 21ಕ್ಕೆ. ಹೆತ್ತವರು ಅದನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಡಾಕ್ಟರಾಗಬೇಕಿದ್ದ ಮಗ!

ಇಂಥ ಸಾವುಗಳನ್ನು ದಾಖಲಿಸಲು ಉಕ್ರೇನಿನಲ್ಲಿ 2014ರಿಂದ ಯುರೋಪಿನ ಭದ್ರತೆ ಮತ್ತು ಸಹಕಾರ ಸಂಘಟನೆಯ ನಿರಾಯುಧ ವೀಕ್ಷಕರಿದ್ದರು. ಎಲ್ಲಿ ಶೆಲ್ ಬಿತ್ತು, ಯಾವ ನಾಗರಿಕರಿಗೆ ಏನಾಯಿತು ಎಂದು ಬರೆದಿಡುವುದೇ ಅವರ ಕೆಲಸವಾಗಿತ್ತು. ರಷ್ಯಾದ ದಾಳಿಯಿಂದ ಯುದ್ಧ ಜೋರಾದಾಗ ಅವರನ್ನು ತೆರವುಗೊಳಿಸಿದರು. ಅವಧಿ ವಿಸ್ತರಣೆಗೆ ರಷ್ಯಾ ಒಪ್ಪದ್ದರಿಂದ 2022ರ ಮಾರ್ಚ್ 31ಕ್ಕೆ ಅವರ ಅವಧಿಯೇ ಮುಗಿಯಿತು.

ವೀಕ್ಷಕರು ಶೆಲ್ ತಡೆಯಲಾರರು, ನಿಜ. ಆದರೆ ಅವರ ದಾಖಲೆಯಿಲ್ಲದಿದ್ದರೆ ಸತ್ತವರ ಪರ ಮಾತಾಡುವವರು ಯಾರು? ಅವರು ಇರಬೇಕೋ ಬೇಡವೋ ಎಂಬುದನ್ನು ಯುದ್ಧ ಮಾಡುವ ದೇಶವೇ ತೀರ್ಮಾನಿಸಬಾರದು. ಭಾರತ ಇದನ್ನು ವಿಶ್ವಸಂಸ್ಥೆಯಲ್ಲಿ ಗಟ್ಟಿಯಾಗಿ ಕೇಳಲಿ.