ಹಿತ್ತಲಲ್ಲಿ ನಾಲ್ಕಡಿ ಆಕಾಶ

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಳೇ ಮಣ್ಣಿನ ಮಾಳಿಗೆ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ಗವಾಕ್ಷಿ. ನಡುಮನೆಯ ನೆತ್ತಿಯಲ್ಲಿ ಸುಮಾರು ಒಂದಡಿಯ ಕಿಂಡಿ. ಮಾಳಿಗೆಯ ಮೇಲೆ ಅದರ ಸುತ್ತ ಚಿಕ್ಕ ಕಟ್ಟೆ. ಮಳೆ ಹನಿಯಿತೆಂದರೆ ಯಾರಾದರೂ ಏಣಿ ಹತ್ತಿ ಚಪ್ಪಡಿಯನ್ನೋ ಮಡಕೆಯನ್ನೋ ಮುಚ್ಚಿ ಬರಬೇಕು. ತೊಲೆ, ಜಂತೆ, ಮೇಲೆ ಮಣ್ಣು, ಸೋರದಿರಲೆಂದು ಚೌಳು ಮಣ್ಣು: ಸೂರು ದಪ್ಪ, ಹಾಗಾಗಿ ಒಳಗೆ ತಂಪು. ಪಕ್ಕದ ಮನೆಯೂ ಒತ್ತಿಕೊಂಡಿರುವುದರಿಂದ ಕಿಟಕಿ ಕಡಿಮೆ. ಬೆಳಕಿಗಿದ್ದದ್ದು ಎರಡೇ ದಾರಿ, ಗವಾಕ್ಷಿ ಮತ್ತು ಹಿತ್ತಲ ಬಾಗಿಲು.

ಹಿತ್ತಲಿಗೆ ಕೋಣೆ ಸೇರಿಸುವಾಗ ಈ ಎರಡನೇ ದಾರಿಯೇ ಮುಚ್ಚಿಹೋಗುತ್ತದೆ. ಅದನ್ನು ಉಳಿಸಿ ಕಟ್ಟುವ ಶಿಡ್ಲಘಟ್ಟದ ಹಿರಿಯ ಗಾರೆ ಮೇಸ್ತ್ರಿಯೊಬ್ಬರ ಕೆಲಸ ನೋಡುವಂಥದ್ದು. ಅವರು ಟೇಪು ಬಿಚ್ಚುವುದು ಆಮೇಲೆ. ಮೊದಲು ಹಿತ್ತಲ ನಡುವೆ ಒಂದು ಕೋಲು ನೆಟ್ಟು, ಬೆಳಗ್ಗೆ, ಮಧ್ಯಾಹ್ನ, ಸಂಜೆ ಅದರ ನೆರಳು ಬಿದ್ದಲ್ಲಿ ಸುಣ್ಣದ ಗೆರೆ ಎಳೆಯುತ್ತಾರೆ. ಮನೆಯೊಡತಿ ಅವಸರಪಡಿಸಿದರೆ, ‘ಇರಮ್ಮಾ, ಗೋಡೆಗೆ ಗೋಡೆ ಅಂಟಿಸಿದ್ರೆ ನಾಳೆಯಿಂದ ನಡುಮನೇಲಿ ಹಗಲೇ ಲೈಟ್ ಹಾಕ್ಬೇಕಾಗ್ತದೆ’ ಎನ್ನುತ್ತಾರೆ. ಹಳೇ ಗೋಡೆಗೂ ಹೊಸ ಕೋಣೆಗೂ ನಡುವೆ ನಾಲ್ಕಡಿ ತೆರೆದ ಜಾಗ ಬಿಟ್ಟು, ಒಂದು ಪಕ್ಕದಲ್ಲಿ ಮಾತ್ರ ಓಡಾಡಲು ಸೂರು ಹಾಕುವುದು ಅವರ ಪದ್ಧತಿ. ಹಿತ್ತಲ ಬಾಗಿಲಿನ ಬೆಳಕು ಹಾಗೆಯೇ ಉಳಿಯುತ್ತದೆ. ಮಣ್ಣಿನ ಗೋಡೆ, ಆರ್‌ಸಿಸಿ ಪಾಯ ಒಂದೇ ಸಮ ಕುಸಿಯುವುದಿಲ್ಲವಾದ್ದರಿಂದ ಕೂಡುಗೆರೆಯಲ್ಲಿ ಬಿರುಕು ಬಿಡುವ ತಾಪತ್ರಯವೂ ತಪ್ಪುತ್ತದೆ.

ಸುಣ್ಣದ ಗೆರೆಯ ಹಿಂದೆ ಲೆಕ್ಕವಿದೆ. ಈ ಊರುಗಳಿರುವುದು 13.5 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಯಲ್ಲಿ, ಮತ್ತೆ ಆಗಸ್ಟ್ ನಡುವಿನಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಬೆಳಕಿನ ಆಸೆಗೆ ಸೂರಿಗೆಲ್ಲ ಗಾಜು ಹಾಕಿಸಿದವರು ಬೇಸಿಗೆಯಲ್ಲಿ ಬೇಯುವುದು ಇದಕ್ಕೇ. ಮೇಸ್ತ್ರಿ ಹೊಸ ಕೋಣೆಯ ಸೂರನ್ನು ಉತ್ತರದ ಕಡೆ ಎರಡಡಿ ಎತ್ತರಿಸಿ, ಆ ಸಂದಿಗೆ ಗಾಜು ಕೂರಿಸುತ್ತಾರೆ. ವರ್ಷದ ಹೆಚ್ಚು ಕಾಲ ಮೆತ್ತನೆಯ ಬೆಳಕು. ಡಿಸೆಂಬರಿನಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ 53 ಡಿಗ್ರಿಗೆ ಇಳಿಯುವುದರಿಂದ ಎರಡಡಿ ಸಜ್ಜೆಯಿದ್ದರೂ ತೆಂಕಣ ಕಿಟಕಿಯಿಂದ ಎಳೆಬಿಸಿಲು ಸಿಗುತ್ತದೆ. ಪಡುವಣಕ್ಕೆ ಮಾತ್ರ ಸಣ್ಣ ಕಿಂಡಿ, ಇಲ್ಲವೇ ಜಾಲಿ.

ಕೋಣೆ ಸೇರಿಸಲು ಹಿತ್ತಲು ಖಾಲಿಯಾದ ಕಥೆ ರೇಷ್ಮೆಯದು. ಹಿಂದೆ ರೇಷ್ಮೆಹುಳು, ಮನುಷ್ಯರು ಎಲ್ಲ ಒಂದೇ ಸೂರಿನಡಿ. ನಡುಮನೆಯಲ್ಲಿ ಹುಳು ಸಾಕುವ ತಟ್ಟೆ, ಜಗಲಿಯಲ್ಲಿ ಗೂಡು ಕಟ್ಟಿಸುವ ಚಂದ್ರಿಕೆ. 1980ರಲ್ಲಿ ರೇಷ್ಮೆಹುಳುವನ್ನು ಕಾಡುವ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟ ಮೇಲೆ ಕಿಟಕಿ, ಬಾಗಿಲುಗಳಿಗೆಲ್ಲ ಬಲೆ ಬಂತು. ಬರಬರುತ್ತಾ ತೋಟದ ಬಳಿಯೇ ಪ್ರತ್ಯೇಕ ಹುಳುಮನೆಗಳು ಎದ್ದವು. ಸೌದೆ, ಸೊಪ್ಪು ತುಂಬಿರುತ್ತಿದ್ದ ಹಿತ್ತಲಲ್ಲಿ ಈಗ ಮಗ–ಸೊಸೆಗೆ ಕೋಣೆ, ಹೊಸ ಅಡುಗೆಮನೆ ಬೇಕು.

ಕಷ್ಟವೂ ಇದೆ. ಮೂವತ್ತು–ನಲವತ್ತರ ನಿವೇಶನದಲ್ಲಿ ನಾಲ್ಕಡಿ ಬಿಡಿ ಎಂದರೆ ‘ಜಾಗ ದಂಡ’ ಎನ್ನುವವರೇ ಹೆಚ್ಚು. ಮಣ್ಣಿನ ಗೋಡೆಗೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಆರದೆ ಹಕ್ಕಳೆ ಏಳುತ್ತದೆ. ಸುಣ್ಣದ ಗಾರೆ ಬಲ್ಲ ಕೈಗಳೋ ವಿರಳ. ಗಾರೆ ಅರೆಯಲು ಹುಡುಗರು ಸಿಗುತ್ತಿಲ್ಲ ಎಂಬುದೇ ಮೇಸ್ತ್ರಿಯ ಕೊರಗು.

ಹಳೇ ಮನೆಯ ಹಿಂದೆ ಕಟ್ಟುವ ಯೋಚನೆ ನಿಮಗಿದ್ದರೆ, ಕೋಣೆಗಳ ಲೆಕ್ಕಕ್ಕೆ ಮೊದಲು ನಕ್ಷೆಯಲ್ಲಿ ಆ ನಾಲ್ಕಡಿಯನ್ನು ಗುರುತು ಮಾಡಿಸಿ. ಕೋಣೆಯನ್ನು ಮುಂದೆ ಮಹಡಿಯ ಮೇಲೂ ಕಟ್ಟಿಕೊಳ್ಳಬಹುದು. ಒಮ್ಮೆ ಮುಚ್ಚಿದ ಬೆಳಕನ್ನು ಮರಳಿ ತರಲು ಗೋಡೆಯನ್ನೇ ಒಡೆಯಬೇಕು.