ಐಟಿಐ ಪ್ರಮಾಣಪತ್ರದ ನಂತರದ ಒಂದು ವರ್ಷ: ಹೊಸ ಎಲೆಕ್ಟ್ರಿಷಿಯನ್‌ಗಳು ಮತ್ತು ಗ್ರಾಮ ಪಂಚಾಯತಿಯ ಹೊಣೆ

ರಾಯಚೂರು ತಾಲ್ಲೂಕಿನ ಚಂದ್ರಬಂಡ ಹೋಬಳಿಯ ಗ್ರಾಮಗಳಲ್ಲಿ ಎಲೆಕ್ಟ್ರಿಷಿಯನ್ ವೃತ್ತಿಯಲ್ಲಿ ಐಟಿಐ ಮುಗಿಸಿದ ಯುವಕನಿಗೆ ನೇಮಕಾತಿ ಪತ್ರಕ್ಕಿಂತ ಮೊದಲೇ ಊರಿನ ಕೆಲಸಗಳು ಬರುತ್ತವೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ನಿಲ್ಲುತ್ತಿಲ್ಲ, ಜಾತ್ರೆಗೆ ಸೀರಿಯಲ್ ಸೆಟ್ ಕಟ್ಟಬೇಕು, ಓಣಿಯ ಬೀದಿದೀಪ ಉರಿಯುತ್ತಿಲ್ಲ ಎಂದು ಕರೆಗಳು ಬರುತ್ತವೆ. ಕರೆಯುವವರಲ್ಲಿ ಪ್ರೀತಿಯೂ ನಂಬಿಕೆಯೂ ಇರುತ್ತವೆ. ಆದರೆ ಐಟಿಐ ಪ್ರಮಾಣಪತ್ರವು ಎರಡು ವರ್ಷಗಳ ಕಲಿಕೆಯ ದಾಖಲೆಯೇ ಹೊರತು ಸ್ವತಂತ್ರವಾಗಿ ವಿದ್ಯುತ್ ಕೆಲಸ ಮಾಡಲು ನೀಡಿದ ಪರವಾನಿಗೆಯಲ್ಲ. ಈ ವ್ಯತ್ಯಾಸವನ್ನು ಅರಿಯದಿದ್ದರೆ ಯುವಕನ ಭವಿಷ್ಯವಷ್ಟೇ ಅಲ್ಲ, ಜೀವವೂ ಅಪಾಯಕ್ಕೆ ಒಳಗಾಗುತ್ತದೆ.

ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ಸಂಬಂಧಿಸಿದ 29 ವಿಷಯಗಳ ಪೈಕಿ ಗ್ರಾಮೀಣ ವಿದ್ಯುದೀಕರಣವೂ ತಾಂತ್ರಿಕ ತರಬೇತಿಯೂ ಸೇರಿವೆ. ಆದುದರಿಂದ ಈ ವಿಷಯವು ಸದಸ್ಯರ ಗಮನಕ್ಕೆ ಅರ್ಹವಾಗಿದೆ.

ಶಿಶಿಕ್ಷು ತರಬೇತಿ ಎಂದರೇನು?

ಐಟಿಐ ನಂತರದ ಹಂತವು ಶಿಶಿಕ್ಷು ತರಬೇತಿ, ಅಂದರೆ ಅಪ್ರೆಂಟಿಸ್‌ಶಿಪ್. ಇದು 1961ರ ಶಿಶಿಕ್ಷು ಅಧಿನಿಯಮದಡಿ ನಡೆಯುತ್ತದೆ. 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯುಳ್ಳ ಸಂಸ್ಥೆಗಳು ತಮ್ಮ ಸಿಬ್ಬಂದಿ ಬಲದ ಶೇ. 2.5ರಿಂದ 15ರಷ್ಟು ಶಿಶಿಕ್ಷುಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ಐಟಿಐ ಮುಗಿಸಿದ ಎಲೆಕ್ಟ್ರಿಷಿಯನ್‌ಗೆ ಈ ತರಬೇತಿಯ ಅವಧಿ ಒಂದು ವರ್ಷ. 2019ರಲ್ಲಿ ತಿದ್ದುಪಡಿಯಾದ ನಿಯಮಗಳು ಐಟಿಐ ಪ್ರಮಾಣಪತ್ರ ಉಳ್ಳವರಿಗೆ ತಿಂಗಳಿಗೆ ಕನಿಷ್ಠ ₹7,000 ಶಿಷ್ಯವೇತನವನ್ನು ನಿಗದಿಪಡಿಸಿದವು. ಚಾಲ್ತಿಯಲ್ಲಿರುವ ದರವನ್ನು ನೋಂದಣಿಯ ವೇಳೆ ಪೋರ್ಟಲ್‌ನಲ್ಲಿ ನೋಡಿಕೊಳ್ಳತಕ್ಕದ್ದು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಶಿಶಿಕ್ಷು ಉತ್ತೇಜನ ಯೋಜನೆಯಡಿ ಕೇಂದ್ರ ಸರ್ಕಾರವು ಭರಿಸುವ ಪಾಲು 2023ರಿಂದ ನೇರವಾಗಿ ಶಿಶಿಕ್ಷುವಿನ ಬ್ಯಾಂಕ್ ಖಾತೆಗೆ ಜಮೆಯಾಗುತ್ತಿದೆ. ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ಈ ಮೊತ್ತ ನಿಂತುಹೋಗುತ್ತದೆ.

ಇಲ್ಲಿ ಲಿಖಿತ ಒಪ್ಪಂದವೇ ಮುಖ್ಯ. ಒಪ್ಪಂದ ನೋಂದಣಿಯಾಗಿದ್ದರೆ ತರಬೇತಿಯಲ್ಲಿ ಗಾಯವಾದಾಗ ಪರಿಹಾರ ನೀಡುವ ಹೊಣೆ ಕಾನೂನಿನ ಪ್ರಕಾರ ಉದ್ಯೋಗದಾತನದು. ವರ್ಷದ ಕೊನೆಗೆ ಅಖಿಲ ಭಾರತ ವೃತ್ತಿ ಪರೀಕ್ಷೆ ಬರೆದು ರಾಷ್ಟ್ರೀಯ ಶಿಶಿಕ್ಷು ಪ್ರಮಾಣಪತ್ರ ಪಡೆಯಲು ಸಾಧ್ಯವಾಗುತ್ತದೆ. ಬಾಯಿಮಾತಿನ ಮೇಲೆ ಯಾವುದೋ ಗುತ್ತಿಗೆದಾರನ ಬಳಿ ದಿನಗೂಲಿಗೆ ಸೇರಿದವನಿಗೆ ಇವೆರಡೂ ಇಲ್ಲ.

ಜಿಲ್ಲೆಯಲ್ಲಿ ಕಲಿಕೆಗೆ ತಾಣಗಳ ಕೊರತೆಯಿಲ್ಲ. ಶಕ್ತಿನಗರದ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರವು 1985ರಿಂದ ವಿದ್ಯುತ್ ಉತ್ಪಾದಿಸುತ್ತಿದ್ದು, ಅದರ 8 ಘಟಕಗಳ ಸ್ಥಾಪಿತ ಸಾಮರ್ಥ್ಯ 1,720 ಮೆಗಾವ್ಯಾಟ್. ಯರಮರಸ್‌ನಲ್ಲಿ ತಲಾ 800 ಮೆಗಾವ್ಯಾಟ್‌ನ ಎರಡು ಘಟಕಗಳಿವೆ. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ. ವಿತರಣೆಯ ಹೊಣೆ ಜೆಸ್ಕಾಂನದು. ರಾಯಚೂರು, ಮಾನ್ವಿ, ಸಿಂಧನೂರುಗಳ ಅಕ್ಕಿ ಗಿರಣಿಗಳಲ್ಲಿಯೂ ಹತ್ತಿ ಜಿನ್ನಿಂಗ್ ಕಾರ್ಖಾನೆಗಳಲ್ಲಿಯೂ ಮೋಟಾರು, ಪ್ಯಾನೆಲ್‌ಗಳ ಕೆಲಸ ನಿತ್ಯವೂ ಇರುತ್ತದೆ. ದೊಡ್ಡ ಸಂಸ್ಥೆಯ ಅಧಿಸೂಚನೆಗಾಗಿ ಕಾಯುತ್ತಾ ವರ್ಷ ಕಳೆಯುವುದಕ್ಕಿಂತ ನೋಂದಾಯಿತ ಗಿರಣಿಯೊಂದರಲ್ಲಿ ತರಬೇತಿ ಆರಂಭಿಸುವುದು ಲೇಸು.

ಆ ವರ್ಷದಲ್ಲಿ ಕಲಿಯಬೇಕಾದುದು

ಹೊಸಬನು ಕೆಲಸದ ವೇಗದಿಂದ ಹೆಸರು ಗಳಿಸಲು ಬಯಸುತ್ತಾನೆ. ಆದರೆ ಅನುಭವಿ ಮೇಲ್ವಿಚಾರಕರು ಅವನಲ್ಲಿ ಮೊದಲು ನೋಡುವುದು ಕ್ರಮವನ್ನು. ವಿದ್ಯುತ್ ಸಂಪರ್ಕ ಕಡಿತಗೊಳಿಸುವುದು, ಬೇರೆಯವರು ಮತ್ತೆ ಹಾಕದಂತೆ ಬೀಗ ಹಾಕಿ ಫಲಕ ತೂಗುಹಾಕುವುದು, ತಂತಿಯಲ್ಲಿ ವಿದ್ಯುತ್ ಇಲ್ಲವೆಂದು ಪರೀಕ್ಷಿಸುವುದು, ಅಗತ್ಯವಿರುವಲ್ಲಿ ಅರ್ತ್ ಮಾಡುವುದು, ಆನಂತರವೇ ಕೈ ಹಾಕುವುದು. ಪರೀಕ್ಷಿಸುವ ಉಪಕರಣ ಸರಿಯಿದೆಯೇ ಎಂದು ವಿದ್ಯುತ್ ಇರುವ ಬೇರೊಂದು ಕಡೆ ಮೊದಲೂ ಆಮೇಲೂ ನೋಡಿಕೊಳ್ಳಬೇಕು. ಒಣ ಮರದ ಏಣಿಯ ಮೇಲೆ ನಿಂತವನ ಕೈಯಲ್ಲಿ ಟೆಸ್ಟರ್‌ನ ದೀಪ ಮಂಕಾಗಿ ಮೋಸಗೊಳಿಸಬಹುದು. ಜನರೇಟರ್ ಅಥವಾ ಇನ್ವರ್ಟರ್‌ನಿಂದ ವಿದ್ಯುತ್ ಹಿಮ್ಮುಖವಾಗಿ ಬರಬಹುದು.

ಎರಡನೆಯದು, ದೋಷದ ಮೂಲ ಹುಡುಕುವ ಅಭ್ಯಾಸ. ಕುಡಿಯುವ ನೀರಿನ ಪಂಪ್‌ಸೆಟ್ಟಿನ ಓವರ್‌ಲೋಡ್ ರಿಲೇ ಪದೇ ಪದೇ ಬೀಳುತ್ತಿದ್ದರೆ ಅದು ಎಚ್ಚರಿಕೆಯೇ ಹೊರತು ತೊಂದರೆಯಲ್ಲ. ಮೂರು ಫೇಸ್‌ಗಳಲ್ಲಿ ಒಂದು ಹೋದಾಗ ಉಳಿದೆರಡರಲ್ಲಿ ಕರೆಂಟ್ ಏರಿ ಮೋಟಾರಿನ ವೈಂಡಿಂಗ್ ಸುಡುತ್ತದೆ. ರಿಲೇ ಅದನ್ನು ತಡೆಯುತ್ತದೆ. ರಿಲೇಯನ್ನು ತಪ್ಪಿಸಿ ನೇರ ಜೋಡಿಸಿದವನು ಆ ಹೊತ್ತಿನ ನೀರು ಕೊಡುತ್ತಾನೆ, ಮರುದಿನ ಮೋಟಾರು ಸುಟ್ಟಿರುತ್ತದೆ. ಫ್ಯೂಸ್‌ಗೆ ದಪ್ಪ ತಂತಿ ಕಟ್ಟುವುದೂ ಇದೇ ಬಗೆಯ ತಪ್ಪು. ಕಾರಣ ತಿಳಿಯುವವರೆಗೆ ಕಾಯುವ, ತಿಳಿಯದಿದ್ದರೆ ಹಿರಿಯರನ್ನು ಕೇಳುವ, ಮಾಡಿದ ಕೆಲಸವನ್ನು ಪ್ರತಿದಿನ ಪುಸ್ತಕದಲ್ಲಿ ಬರೆದಿಡುವ ಶಿಶಿಕ್ಷುವೇ ಮುಂದೆ ನಂಬಿಕೆಯ ಕೆಲಸಗಾರನಾಗುತ್ತಾನೆ.

ಮೂರನೆಯದು ಅರ್ತಿಂಗ್. ಬೇಸಿಗೆಯಲ್ಲಿ ನೆಲ ಒಣಗಿದಾಗ ಅರ್ತ್ ಗುಂಡಿಯ ರೋಧ ಏರುತ್ತದೆ. ಆಗ ಸೋರಿಕೆಯ ಕರೆಂಟ್ ನೆಲಕ್ಕೆ ಸಲೀಸಾಗಿ ಇಳಿಯದೆ ಸ್ಟಾರ್ಟರ್‌ನ ಕಬ್ಬಿಣದ ಡಬ್ಬಿಯಲ್ಲಿ ಉಳಿದು, ಒದ್ದೆ ಕೈಯಿಂದ ಮುಟ್ಟುವ ವಾಟರ್‌ಮ್ಯಾನ್‌ಗೆ ಆಘಾತವಾಗಬಹುದು. ಅರ್ತ್ ಗುಂಡಿಗೆ ನೀರು ಹಾಕಿಸುವುದು, ಶಾಲೆ ಮತ್ತು ಅಂಗನವಾಡಿಗಳಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಅಳವಡಿಸುವುದು ಅಲ್ಪ ವೆಚ್ಚದ ರಕ್ಷಣೆಗಳು.

ಬೀದಿದೀಪದ ಕಂಬ ಯಾರ ಕೆಲಸ?

ಬೀದಿದೀಪದ ನಿರ್ವಹಣೆ ಪಂಚಾಯತಿಯದಾದರೂ ಕಂಬ ಮತ್ತು ತಂತಿ ಜೆಸ್ಕಾಂಗೆ ಸೇರಿದವು. ಜೆಸ್ಕಾಂ ಸಿಬ್ಬಂದಿಯಿಂದ ಲೈನ್ ಕ್ಲಿಯರ್ ದೊರೆಯದೆ ಯಾರೂ ಕಂಬ ಹತ್ತಬಾರದು. ಐಟಿಐ ಮುಗಿಸಿದವನನ್ನಾಗಲಿ, ಶಿಶಿಕ್ಷುವನ್ನಾಗಲಿ, ವಾಟರ್‌ಮ್ಯಾನ್‌ನನ್ನಾಗಲಿ ಕಂಬ ಹತ್ತಲು ಅಥವಾ ಟಿಸಿಯ ಫ್ಯೂಸ್ ಹಾಕಲು ಸದಸ್ಯರು ಕಳುಹಿಸತಕ್ಕದ್ದಲ್ಲ. "ಮೊದಲು ಲೈನ್ ಕ್ಲಿಯರ್ ತನ್ನಿ" ಎಂದು ನಿರಾಕರಿಸುವ ಹುಡುಗನನ್ನು ಅಂಜುಬುರುಕನೆಂದು ಹೀಯಾಳಿಸದೆ, ಅವನು ಸರಿಯಾಗಿ ಕಲಿತಿದ್ದಾನೆಂದು ತಿಳಿಯಬೇಕು. ದೂರುಗಳಿಗೆ 1912 ಸಂಖ್ಯೆಗೆ ಕರೆ ಮಾಡಬಹುದು.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

1. ಪಂಚಾಯತಿ ವ್ಯಾಪ್ತಿಯಲ್ಲಿ ಐಟಿಐ ಮುಗಿಸಿದ ಯುವಕ ಯುವತಿಯರ ಪಟ್ಟಿ ಮಾಡಿ, ಅರಿವು ಕೇಂದ್ರದ ಗಣಕಯಂತ್ರದಲ್ಲಿ ಶಿಶಿಕ್ಷು ಪೋರ್ಟಲ್‌ಗೆ ನೋಂದಾಯಿಸಲು ನೆರವಾಗುವುದು. ಎಲೆಕ್ಟ್ರಿಷಿಯನ್ ವೃತ್ತಿ ಹೆಣ್ಣುಮಕ್ಕಳಿಗೂ ಮುಕ್ತವಾಗಿದೆ ಎಂಬುದನ್ನು ಪಾಲಕರಿಗೆ ತಿಳಿಸುವುದು.

2. ತರಬೇತಿ ಮುಗಿದವರು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ಮೂಲಕ ವೈರ್‌ಮನ್ ಪರವಾನಿಗೆ ಪಡೆಯಲು ಪ್ರೋತ್ಸಾಹಿಸುವುದು. ಮುಂದೆ ಮೇಲ್ವಿಚಾರಕ ಪರವಾನಿಗೆ, ಗುತ್ತಿಗೆದಾರ ಲೈಸೆನ್ಸ್‌ಗಳ ದಾರಿಯೂ ಇದೆ.

3. ಪಂಚಾಯತಿಯ ವಿದ್ಯುತ್ ಕೆಲಸವನ್ನು ಲೈಸೆನ್ಸ್ ಹೊಂದಿದ ಗುತ್ತಿಗೆದಾರರಿಗೆ ಮಾತ್ರ ವಹಿಸುವುದು.

4. ಸರ್ಕಾರಿ ನೇಮಕಾತಿಗೆ ಬೇಕಾದ 371(ಜೆ) ಅರ್ಹತಾ ಪ್ರಮಾಣಪತ್ರವನ್ನು ಮುಂಚಿತವಾಗಿ ಪಡೆದಿರಿಸಿಕೊಳ್ಳುವಂತೆ ತಿಳಿಸುವುದು.

5. ಆಘಾತಕ್ಕೆ ಒಳಗಾದವರನ್ನು ಬರಿಗೈಯಿಂದ ಮುಟ್ಟದೆ ಮೊದಲು ವಿದ್ಯುತ್ ಕಡಿತಗೊಳಿಸಿ 108ಕ್ಕೆ ಕರೆ ಮಾಡಬೇಕೆಂಬುದನ್ನು ಪಂಪ್‌ಹೌಸ್‌ಗಳ ಗೋಡೆಯ ಮೇಲೆ ಬರೆಯಿಸುವುದು.

ಒಂದು ವರ್ಷದ ಶಿಸ್ತಿನ ತರಬೇತಿಯಿಂದ ಯುವಕನಿಗೆ ಜೀವನಪೂರ್ತಿಯ ವೃತ್ತಿಯೂ ಗ್ರಾಮಕ್ಕೆ ನಂಬಬಹುದಾದ ಕೆಲಸಗಾರನೂ ದೊರೆಯುತ್ತಾರೆ. ಈ ವಿಷಯವನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿ, ಗ್ರಾಮ ಸಭೆಯಲ್ಲಿ ಓದಿ ತಿಳಿಸುವುದು ಅಪೇಕ್ಷಣೀಯ.